ಎರಡನೇ ಮಾಲೀಕನ ರಿವ್ಯೂ ಎಲ್ಲಿದೆ?

ಹೊಸ ಫೋನಿನ ರಿವ್ಯೂಗಳನ್ನು ನಾನು ಕ್ರಿಕೆಟ್ ಸ್ಕೋರ್ ನೋಡಿದ ಹಾಗೆ ಓದುತ್ತೇನೆ. ಕೊಳ್ಳಲಿ ಬಿಡಲಿ, ಓದುವುದಂತೂ ತಪ್ಪದು. ಈ ಸಲ ಕೊಳ್ಳುವ ಮಾತೇ ಎದ್ದಿದ್ದರಿಂದ ಹತ್ತಾರು ಓದಿದೆ, ರಾತ್ರಿ ಕೂತು ವಿಡಿಯೋ ನೋಡಿದೆ. ಕೊನೆಗೆ ಅನ್ನಿಸಿದ್ದು ಇಷ್ಟು: ಇವರ್ಯಾರೂ ಸುಳ್ಳು ಹೇಳುತ್ತಿಲ್ಲ, ಆದರೆ ನನಗೆ ಬೇಕಾದ ಪ್ರಶ್ನೆಯನ್ನು ಯಾರೂ ಕೇಳಿಕೊಂಡೇ ಇಲ್ಲ.

ರಿವ್ಯೂ ಅನ್ನುವುದಕ್ಕೆ ಈಗ ಒಂದು ಸಿದ್ಧ ಅಚ್ಚು ಇದೆ. ಡಬ್ಬಿ ಬಿಚ್ಚುವುದು, ಕೈಯಲ್ಲಿ ಹಿಡಿದು ತೂಕ ಹೇಳುವುದು, ಆಮೇಲೆ ಸ್ಕ್ರೀನು, ಕ್ಯಾಮೆರಾ, ಗೇಮು, ಬ್ಯಾಟರಿ, ಕೊನೆಗೆ ಹತ್ತಕ್ಕೆ ಎಂಟೂವರೆ. ಫೋನು ಬರೆಯುವವರ ಕೈಗೆ ಬಂದು ಬಹಳ ಅಂದ್ರೆ ಎರಡು ವಾರ ಆಗಿರುತ್ತದೆ. ಮದುವೆಯಾದ ಹದಿನೈದು ದಿನಕ್ಕೆ ಸಂಸಾರದ ಬಗ್ಗೆ ಪುಸ್ತಕ ಬರೆದ ಹಾಗೆ. ಅಷ್ಟರಲ್ಲಿ ಗೊತ್ತಾಗುವುದು ಹೊಳಪು ಮಾತ್ರ. 2023ರಲ್ಲಿ ಐಫೋನ್ 15 ಪ್ರೋ ಬಂದಾಗ ಟೈಟಾನಿಯಂ ಟೈಟಾನಿಯಂ ಅಂತ ಎಲ್ಲ ಕಡೆ ಅದರದೇ ಭಜನೆ. 2025ರಲ್ಲಿ 17 ಪ್ರೋ ತಿರುಗಿ ಅಲ್ಯೂಮಿನಿಯಂಗೆ ಬಂತು, ಈಗ ಅಲ್ಯೂಮಿನಿಯಮ್ಮೇ ಶ್ರೇಷ್ಠ. ಎರಡಕ್ಕೂ ಕಾರಣಗಳಿವೆ, ಇರಲಿ. ಆದರೆ ಎರಡು ವರ್ಷದ ಹಿಂದೆ ಹೊಗಳಿದ ಟೈಟಾನಿಯಂ ಫೋನು ಈಗ ಹೇಗಿದೆ ಅಂತ ತಿರುಗಿ ನೋಡಿದವರು ಎಷ್ಟು ಮಂದಿ?

ನಮ್ಮ ಕಡೆ ಎತ್ತು ಕೊಳ್ಳುವವರು ಮೊದಲು ಬಾಯಿ ತೆಗೆಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ. ಮೈಬಣ್ಣ, ಕೋಡು, ಹಣೆಪಟ್ಟಿ ಎಲ್ಲ ಆಮೇಲೆ. ಇನ್ನೂ ಎಷ್ಟು ವರ್ಷ ದುಡಿಯುತ್ತದೆ ಅನ್ನುವುದೇ ವ್ಯಾಪಾರದ ಮೂಲ. ಫೋನಿನ ರಿವ್ಯೂಗಳು ಇಡೀ ಪುಟ ಹಣೆಪಟ್ಟಿಯನ್ನು ವರ್ಣಿಸಿ, ಹಲ್ಲಿನ ವಿಷಯ ಕೊನೆಯ ಸಾಲಿನಲ್ಲಿ ಹೇಳುತ್ತವೆ, ಹೇಳಿದರೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಈ ರಿವ್ಯೂಗಳಲ್ಲಿ ಫೋನಿಗೆ ಒಬ್ಬನೇ ಮಾಲೀಕ. ನಮ್ಮಂಥ ಮನೆಗಳಲ್ಲಿ ಪ್ರತಿ ಫೋನಿಗೂ ಇಬ್ಬರು. ಹಿಂದೆ ಅಣ್ಣನ ಅಂಗಿ ತಮ್ಮನಿಗೆ ಇಳಿಯುತ್ತಿತ್ತು. ಈಗ ಮಗನ ಫೋನು ಅಪ್ಪನಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ನಾವು 'ಅಪ್‌ಗ್ರೇಡ್' ಅಂತ ಕರೆಯುವ ಘಟನೆಯ ಇನ್ನೊಂದು ತುದಿ ಊರಿನಲ್ಲಿದೆ. ನನ್ನ ವಿಷಯದಲ್ಲಿ ಆ ತುದಿ ನೇಸರಗಿ ಹತ್ತಿರದ ಒಂದು ಹಳ್ಳಿ.

ಅಪ್ಪನ ಕೈಯಲ್ಲಿರುವುದು 2019ರಲ್ಲಿ ನಾನು ಕೊಂಡಿದ್ದ ಫೋನು. 2022ರಲ್ಲಿ ಅದು ಊರಿಗೆ ಹೋಯಿತು. ಮೊನ್ನೆ ದೀಪಾವಳಿಗೆ ಹೋದಾಗ ಸೆಟ್ಟಿಂಗ್ಸ್ ತೆಗೆದು ನೋಡಿದೆ: ಕೊನೆಯ ಸೆಕ್ಯುರಿಟಿ ಅಪ್‌ಡೇಟ್ 2021ರ ಅಕ್ಟೋಬರಿನದು. ಅಂದರೆ ಅಪ್ಪನ ಕೈಗೆ ಬರುವ ಮೊದಲೇ ಅದರ ಬಾಯಿಗೂಡಿತ್ತು. "ಮತ್ತ ಚಾಲೂ ಐತಲ್ಲೊ" ಅಂತಾನೆ ಅಪ್ಪ. ಹೌದು, ಚಾಲೂ ಇದೆ. ಕಾಲ್ ಹೋಗುತ್ತದೆ, ವಾಟ್ಸ್ಆ್ಯಪ್ ಬರುತ್ತದೆ, ಟಾರ್ಚ್ ಹತ್ತುತ್ತದೆ.

ಆದರೆ ಅದರೊಳಗೆ ಏನೇನಿದೆ ನೋಡಿ. ಕಬ್ಬಿನ ಬಿಲ್ ಜಮಾ ಆದ ಮೆಸೇಜ್ ಬರುವುದು ಅದರಲ್ಲಿ. ಗೊಬ್ಬರದಂಗಡಿಗೆ ಸ್ಕ್ಯಾನ್ ಮಾಡಿ ದುಡ್ಡು ಕಳಿಸುವುದು ಅದರಿಂದ. ಉತಾರದ ಫೋಟೋ, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲ ಗ್ಯಾಲರಿಯಲ್ಲಿವೆ. 2020ರಿಂದ ರೈತರೇ ಬೆಳೆ ಸಮೀಕ್ಷೆ ಮಾಡುವ ಆ್ಯಪ್ ಬಂದಿದೆ: ಸರ್ವೆ ನಂಬರ್ ಆರಿಸಿ, ಹೊಲದಲ್ಲೇ ನಿಂತು ಫೋಟೋ ತೆಗೆದು ಅಪ್‌ಲೋಡ್ ಮಾಡಬೇಕು. ಬೆಳೆ ವಿಮೆ, ಪರಿಹಾರದ ಲೆಕ್ಕಕ್ಕೆ ಆ ಮಾಹಿತಿ ಬೇಕು. ನೆಟ್‌ವರ್ಕ್ ಕುಂಟುವ ಹೊಲದಲ್ಲಿ ಜಿಪಿಎಸ್ ಎಷ್ಟು ಹೊತ್ತಿಗೆ ಜಾಗ ಹಿಡಿಯುತ್ತದೆ, ಬಿಸಿಲಲ್ಲಿ ಸ್ಕ್ರೀನು ಓದಲು ಬರುತ್ತದೋ ಇಲ್ಲವೋ, ಇವು ಅಪ್ಪನ ಪ್ರಶ್ನೆಗಳು. ರಿವ್ಯೂ ಮಾಡುವವರು ರಾತ್ರಿ ಚಂದ್ರನನ್ನು ಜೂಮ್ ಮಾಡಿ ತೋರಿಸುತ್ತಾರೆ.

ನಾನು ಸಾಫ್ಟ್‌ವೇರ್ ಕೆಲಸದವನು, ಹಾಗಾಗಿ ಅಪ್‌ಡೇಟ್ ಬಗ್ಗೆ ಒಂದು ಮಾತು ಹೇಳಲೇಬೇಕು. 2015ರ ಜುಲೈನಲ್ಲಿ 'ಸ್ಟೇಜ್‌ಫ್ರೈಟ್' ಅನ್ನುವ ದೋಷ ಬಯಲಾಯಿತು. ಒಂದು ವಿಡಿಯೋ ಮೆಸೇಜ್ ಕಳಿಸಿದರೆ ಸಾಕು, ನೀವು ಅದನ್ನು ತೆರೆಯದಿದ್ದರೂ ಆಂಡ್ರಾಯ್ಡ್ ಫೋನಿನೊಳಗೆ ನುಗ್ಗಬಹುದಿತ್ತು. ಮುಂದಿನ ತಿಂಗಳಿನಿಂದಲೇ ಗೂಗಲ್ ಪ್ರತಿ ತಿಂಗಳೂ ದೋಷಗಳ ಪಟ್ಟಿ ಮತ್ತು ರಿಪೇರಿ ಎರಡನ್ನೂ ಬಿಡುಗಡೆ ಮಾಡುವ ಪದ್ಧತಿ ಶುರು ಮಾಡಿತು. ಒಳ್ಳೆಯದೇ. ಆದರೆ ಆ ಪಟ್ಟಿ ಕಳ್ಳರಿಗೂ ಸಿಗುತ್ತದೆ. ರಿಪೇರಿ ಆದವರು ಕದ ಹಾಕಿಕೊಳ್ಳುತ್ತಾರೆ, ರಿಪೇರಿ ಬಾರದವರ ಹಿತ್ತಲ ಬಾಗಿಲು ಎಲ್ಲಿದೆ ಅಂತ ಊರಿಗೆಲ್ಲ ಡಂಗುರ ಹೊಡೆದ ಹಾಗೆ ಆಗುತ್ತದೆ. ಹಳೆಯ ಫೋನು ನಿಂತ ಜಾಗದಲ್ಲೇ ನಿಂತರೂ ತಿಂಗಳಿಂದ ತಿಂಗಳಿಗೆ ಅಪಾಯ ಏರುವುದು ಹೀಗೆ.

ವಾಟ್ಸ್ಆ್ಯಪ್ಪಿನಲ್ಲಿ ಮದುವೆ ಕರೆಯೋಲೆ ಅಂತ ಎಪಿಕೆ ಫೈಲ್ ಬಂದು, ಒತ್ತಿದವರ ಖಾತೆ ಖಾಲಿಯಾದ ಸುದ್ದಿ ನೀವೂ ಓದಿದ್ದೀರಿ. ಅಪ್‌ಡೇಟ್ ಇದ್ದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ, ಒತ್ತುವ ಬೆರಳು ನಮ್ಮದೇ. ಆದರೆ 2022ರ ಆಂಡ್ರಾಯ್ಡ್ 13ರಲ್ಲಿ, ಹೀಗೆ ಹೊರಗಿನಿಂದ ಬಂದ ಆ್ಯಪಿಗೆ ಸ್ಕ್ರೀನನ್ನೇ ಓದುವಂಥ ಅನುಮತಿ ಸುಲಭಕ್ಕೆ ಸಿಗದಂತೆ ಒಂದು ಅಡ್ಡಗಾಲು ಹಾಕಿದರು. ಅಪ್ಪನ ಫೋನಿನಲ್ಲಿ ಆ ಅಡ್ಡಗಾಲು ಇಲ್ಲ. ಯಾರಿಗೆ ಅದು ಹೆಚ್ಚು ಬೇಕೋ ಅವರಿಗೇ ಇಲ್ಲ.

ಇನ್ನು ನನ್ನ ಫೋನಿನ ಕತೆ. 2022ರ ಸ್ಯಾಮ್‌ಸಂಗ್ ಎ53. ಸಂಜೆಗೆ ಚಾರ್ಜ್ ಮುಗಿಯುತ್ತದೆ. ಬದಲಾಯಿಸು ಅನ್ನುವ ಆಸೆಗೆ ಇಷ್ಟು ನೆಪ ಸಾಕಿತ್ತು. ಆದರೆ ಬ್ಯಾಟರಿ ಹಳತಾದರೆ ಫೋನೇ ಹಳತಾಯಿತು ಅಂತಲ್ಲ. 2017ರ ಡಿಸೆಂಬರಿನಲ್ಲಿ ಆಪಲ್ ಒಪ್ಪಿಕೊಂಡದ್ದು ನೆನಪಿರಬಹುದು: ಬ್ಯಾಟರಿ ಸೊರಗಿದ ಐಫೋನುಗಳು ತಟ್ಟನೆ ಆಫ್ ಆಗದಿರಲೆಂದು ಸಾಫ್ಟ್‌ವೇರೇ ಅವುಗಳ ವೇಗ ತಗ್ಗಿಸುತ್ತಿತ್ತು. ಗಲಾಟೆಯಾದ ಮೇಲೆ ಬ್ಯಾಟರಿ ಬದಲಾಯಿಸುವ ದರವನ್ನು ಅಮೆರಿಕದಲ್ಲಿ 79 ಡಾಲರಿನಿಂದ 29ಕ್ಕೆ ಇಳಿಸಿದರು. ಹೊಸ ಬ್ಯಾಟರಿ ಹಾಕಿದರೆ ವೇಗ ತಿರುಗಿ ಬರುತ್ತಿತ್ತು. ಫೋನು ಮುದಿಯಾಯಿತು ಅಂದುಕೊಂಡು ಹೊಸದು ಕೊಂಡವರಿಗೆ ಬೇಕಾಗಿದ್ದದ್ದು ಒಂದು ಬ್ಯಾಟರಿ.

ಹಾಗಾಗಿ ಫೋನಿಗೆ ಇರುವುದು ಎರಡು ಆಯಸ್ಸು. ಬ್ಯಾಟರಿಯದು ಸವೆಯುವ ಆಯಸ್ಸು, ದುಡ್ಡು ಕೊಟ್ಟರೆ ತಿರುಗಿ ಬರುತ್ತದೆ. ಅಪ್‌ಡೇಟಿನದು ಕಂಪನಿ ಬರೆದ ಆಯಸ್ಸು, ಮುಗಿದರೆ ಮುಗಿಯಿತು. ರಿವ್ಯೂಗಳು ಮೊದಲನೆಯದನ್ನು ಗಂಟೆಗಳಲ್ಲಿ ಅಳೆಯುತ್ತವೆ, ಎರಡನೆಯದನ್ನು ತೇಲಿಸಿಬಿಡುತ್ತವೆ.

ಆ ಎರಡನೆಯದು ಈಚೆಗೆ ಉದ್ದವಾಗುತ್ತಿದೆ ಅನ್ನುವುದು ನಿಜವಾದ ಸುದ್ದಿ. 2023ರ ಪಿಕ್ಸೆಲ್ 8ಕ್ಕೆ ಗೂಗಲ್ 7 ವರ್ಷ ಅಂದಿತು, 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಕೂಡ ಅಷ್ಟೇ ಅಂದಿತು. ಯುರೋಪಿನಲ್ಲಿ 2025ರ ಜೂನ್ 20ರಿಂದ ಇದು ಕಾನೂನೇ ಆಗಿದೆ: ಒಂದು ಮಾಡೆಲ್‌ನ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್, 800 ಸಲ ಚಾರ್ಜ್ ಆದ ಮೇಲೂ ಬ್ಯಾಟರಿಯಲ್ಲಿ ಶೇ 80ರಷ್ಟು ಕಸುವು. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಬಂತು, ರಿಪೇರಿಗೆ ಅಂಕ ಕೊಡುವ ಸೂಚ್ಯಂಕದ ಬಗ್ಗೆ ಸಮಿತಿಯೂ ಆಯಿತು. ಯುರೋಪಿನಂಥ ಕಡ್ಡಾಯ ಮಾತ್ರ ಇಲ್ಲ. ಹಳೆ ಫೋನು ಮನೆಮಂದಿಯ ಕೈಯಿಂದ ಕೈಗೆ ದಾಟುವ ದೇಶಕ್ಕೆ ಅದು ಇನ್ನೂ ಹೆಚ್ಚು ಬೇಕಿತ್ತು.

ಈಗ ಲೆಕ್ಕ ಹಾಕೋಣ. ನನ್ನ ಎ53ಗೆ ಕಂಪನಿ ಹೇಳಿದ್ದು 5 ವರ್ಷದ ಸೆಕ್ಯುರಿಟಿ, ಅಂದರೆ 2027ರವರೆಗೆ. ಈಗ 2025ರ ಕೊನೆ. ರೂಢಿಯಂತೆ ನಾನು ಹೊಸದು ಕೊಂಡು ಇದನ್ನು ಊರಿಗೆ ಕಳಿಸಿದರೆ ಅಪ್ಪನಿಗೆ ಸಿಗುವುದು ಸುಮಾರು ಒಂದೂವರೆ ವರ್ಷ. 2027ರವರೆಗೆ ಕಾದು ಕಳಿಸಿದರೆ ಸೊನ್ನೆ. ಎಕ್ಸ್‌ಚೇಂಜ್ ಆಫರಿಗೆ ಹಾಕಿದರೆ ನನಗೆ ಒಂದಿಷ್ಟು ಸಾವಿರ ಉಳಿಯುತ್ತದೆ, ಅಪ್ಪನ ಕೈಯಲ್ಲಿ ಅದೇ 2021ರ ಫೋನು. ಹೇಗೆ ತಿರುಗಿಸಿದರೂ ಹಳೆಯದೇ ಕೆಳಗೆ ಇಳಿಯುತ್ತದೆ.

ಲೆಕ್ಕ ಸರಿಹೋಗುವುದು ಒಂದೇ ದಾರಿಯಲ್ಲಿ: ಹೊಸ ಫೋನು ಅಪ್ಪನಿಗೆ, ಹೊಸ ಬ್ಯಾಟರಿ ನನಗೆ. ಅದಕ್ಕೆ ಲಕ್ಷದ ಫೋನು ಬೇಡ. 2024ರ ಅಕ್ಟೋಬರಿನಲ್ಲಿ ಬಂದ ಗ್ಯಾಲಕ್ಸಿ ಎ16 5ಜಿ ಬಿಡುಗಡೆಯಾದಾಗಿನ ಬೆಲೆ 18,999 ರೂಪಾಯಿ, ಅದಕ್ಕೆ 6 ವರ್ಷದ ಅಪ್‌ಡೇಟ್ ಭರವಸೆ ಇದೆ, 2030ರವರೆಗೆ. ಇದರ ರಿವ್ಯೂಗಳಲ್ಲಿ ಚಿಪ್ಪು ನಿಧಾನ, ಗೇಮಿಗೆ ಆಗದು ಅಂತೆಲ್ಲ ಬರೆದಿದ್ದಾರೆ. ಅಪ್ಪ ಆಡುವ ಆಟ ಮಳೆಯ ಜೊತೆ, ಅದಕ್ಕೆ ಈ ಚಿಪ್ಪು ಸಾಕು.

"ನನಗ್ಯಾಕಪಾ ಹೊಸಾದು? ಆಫೀಸಿಗೆ ಹೋಗಾಂವ ನೀನು" ಅಂದ ಅಪ್ಪ ಫೋನಿನಲ್ಲಿ. ಅವನ ತರ್ಕ ನಮ್ಮೆಲ್ಲರ ತರ್ಕವೇ: ಒಳ್ಳೆಯದು ದುಡಿಯುವವನಿಗೆ, ಹಳೆಯದು ಮನೆಯಲ್ಲಿರುವವರಿಗೆ. ಟ್ರ್ಯಾಕ್ಟರಿನ ವಿಷಯದಲ್ಲಿ ಸರಿ. ಫೋನಿನ ವಿಷಯದಲ್ಲಿ ತಿರುವುಮುರುವು. ನನ್ನ ಆಫೀಸಿನ ಲ್ಯಾಪ್‌ಟಾಪ್ ಕಾಯಲು ಒಂದು ತಂಡವೇ ಇದೆ, ಬ್ಯಾಂಕಿಗೆ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಅಂತ ನನಗೆ ಗೊತ್ತು. ಹಳೆ ಫೋನಿನ ಅಪಾಯ ತಡೆದುಕೊಳ್ಳುವ ಶಕ್ತಿ ಯಾರಿಗೆ ಹೆಚ್ಚಿದೆಯೋ ಹಳೆ ಫೋನು ಅವರ ಹತ್ತಿರ ಇರಬೇಕು.

ನಿಮಗೆ ಹೊಸದು ಬೇಡ ಅಂತ ನಾನು ಹೇಳುತ್ತಿಲ್ಲ. ಆಸೆಪಟ್ಟು ಕೊಳ್ಳುವುದೂ ಒಂದು ಸುಖ, ದುಡಿದ ದುಡ್ಡು ನಿಮ್ಮದು. ಹಾಗೆಯೇ ವರ್ಷ ಕಳೆದ ಮೇಲೆ ತಿರುಗಿ ಬರೆಯುವ, ಬಿಚ್ಚಿ ನೋಡಿ ರಿಪೇರಿಗೆ ಅಂಕ ಕೊಡುವ ಕೆಲವರಿದ್ದಾರೆ, ಅವರನ್ನು ಹುಡುಕಿ ಓದಿ. ಆದರೆ ಕಾರ್ಟಿಗೆ ಹಾಕುವ ಮೊದಲು ಒಂದು ಕೆಲಸ ಮಾಡಿ. ಊರಿಗೆ ಫೋನ್ ಹಚ್ಚಿ, ಸೆಟ್ಟಿಂಗ್ಸ್ ತೆಗೆಸಿ, 'ಸೆಕ್ಯುರಿಟಿ ಅಪ್‌ಡೇಟ್' ಅಂತ ಬರೆದಿರುವ ಸಾಲಿನ ಮುಂದಿರುವ ತಾರೀಖು ಓದಿಸಿ. ನಿಮ್ಮ ಮನೆಯಲ್ಲಿ ಹೊಸ ಫೋನು ಯಾರಿಗೆ ಬೇಕು ಅನ್ನುವುದು ಆ ತಾರೀಖಿನಲ್ಲಿದೆ.