ಪ್ರಶ್ನೆಗೆ ಕಾಯುವ ಪುರಾಣ: ಥಾಮಸ್ ಸ್ಟೀಫನ್ಸರ ‘ಕ್ರಿಸ್ತಪುರಾಣ’ದಲ್ಲಿ ಕರುಣೆ, ತಾಳ್ಮೆ ಮತ್ತು ವಿವೇಚನೆ

೧

ಧರ್ಮಪ್ರಸಾರದ ಸಾಹಿತ್ಯವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಎರಡು ದಾರಿಗಳಲ್ಲಿ ನಡೆದಿವೆ. ಮಿಶನರಿಗಳ ನಿಘಂಟು, ವ್ಯಾಕರಣ, ಮುದ್ರಣ ಮತ್ತು ಪತ್ರಿಕೋದ್ಯಮದ ಸಾಧನೆಗಳನ್ನು ಅವರ ಧಾರ್ಮಿಕ ಉದ್ದೇಶದಿಂದ ಬೇರ್ಪಡಿಸಿ ಕೃತಜ್ಞತೆಯಿಂದ ಸ್ಮರಿಸುವುದು ಒಂದು ದಾರಿ. ಆ ಎಲ್ಲ ಸಾಧನೆಗಳನ್ನೂ ಮತಾಂತರದ ಉಪಕರಣಗಳೆಂದು ಪರಿಗಣಿಸಿ, ಕೃತಿಗಳನ್ನು ಓದುವ ಮೊದಲೇ ತೀರ್ಪನ್ನು ಮುಗಿಸುವುದು ಇನ್ನೊಂದು. ಮೊದಲನೆಯದರಲ್ಲಿ ಕೃತಿಕಾರನ ನಂಬಿಕೆ ಮರೆಯಾಗುತ್ತದೆ. ಎರಡನೆಯದರಲ್ಲಿ ಕೃತಿಯೇ ಮರೆಯಾಗುತ್ತದೆ. ತನ್ನ ನಂಬಿಕೆಯನ್ನು ಅದಿನ್ನೂ ತನ್ನದಾಗದ ಮತ್ತೊಬ್ಬನಿಗೆ ಹೇಳಬೇಕಾದಾಗ ಹೇಳುವವನು ಯಾವ ಭಾಷೆಯನ್ನು ಆರಿಸಿಕೊಳ್ಳುತ್ತಾನೆ, ಎಲ್ಲಿ ಮಾತಾಡುತ್ತಾನೆ, ಎಲ್ಲಿ ಕಾಯುತ್ತಾನೆ ಎಂಬ ಪ್ರಶ್ನೆಗಳು ಎರಡೂ ದಾರಿಗಳಲ್ಲಿ ಹೊರಗುಳಿಯುತ್ತವೆ.

ಕ್ರೈಸ್ತ ಪರಂಪರೆಯೇ ಈ ವಿಷಯದಲ್ಲಿ ಒಂದು ಮಾನದಂಡವನ್ನು ಒದಗಿಸಿದೆ. ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಬೇಕು, ಆದರೆ ಆ ಉತ್ತರ ಸೌಮ್ಯವಾಗಿಯೂ ಗೌರವಪೂರ್ಣವಾಗಿಯೂ ಇರಬೇಕು ಎಂಬುದು ಪೇತ್ರನ ಮೊದಲನೆಯ ಪತ್ರದ ಬೋಧೆಯ ತಾತ್ಪರ್ಯ. ಇಲ್ಲಿ ಮೊದಲು ಬರುವುದು ಪ್ರಶ್ನೆ, ಉತ್ತರ ಆಮೇಲೆ. ಕೇಳುವವನ ಕಷ್ಟವನ್ನು ಅರಿಯುವುದು ಕರುಣೆ, ಅವನು ಕೇಳುವವರೆಗೆ ಕಾಯುವುದು ತಾಳ್ಮೆ, ಯಾವ ಮಾತಿನಲ್ಲಿ ಉತ್ತರಿಸಬೇಕೆಂದು ತೂಗಿ ನೋಡುವುದು ವಿವೇಚನೆ. ಈ ಮೂರು ಗುಣಗಳನ್ನು ಉಪದೇಶದ ಮಟ್ಟದಲ್ಲಿ ಒಪ್ಪುವುದು ಸುಲಭ. ಅವು ಒಂದು ಕಾವ್ಯದ ನಿರೂಪಣೆಯಲ್ಲಿ ಹೇಗೆ ಕೆಲಸ ಮಾಡಿವೆ, ಎಲ್ಲಿ ಸೋತಿವೆ ಎಂಬುದನ್ನು ಥಾಮಸ್ ಸ್ಟೀಫನ್ಸರ ‘ಕ್ರಿಸ್ತಪುರಾಣ’ವನ್ನು ಆಧರಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಸ್ಟೀಫನ್ಸರು ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತದವರು. ಜನನ ಸುಮಾರು ೧೫೪೯. ರೋಮಿನಲ್ಲಿ ಯೇಸುಸಭೆಯನ್ನು ಸೇರಿ, ೧೫೭೯ರ ಅಕ್ಟೋಬರದಲ್ಲಿ ಗೋವೆಗೆ ಬಂದಿಳಿದರು. ಅಲ್ಲಿಂದ ೧೬೧೯ರಲ್ಲಿ ತೀರಿಕೊಳ್ಳುವವರೆಗಿನ ಸುಮಾರು ನಾಲ್ಕು ದಶಕಗಳಲ್ಲಿ ಬಹುಭಾಗವನ್ನು ಸಾಷ್ಟಿ ಪ್ರದೇಶದಲ್ಲಿ ಕಳೆದರು. ‘ಕ್ರಿಸ್ತಪುರಾಣ’ವು ೧೬೧೬ರಲ್ಲಿ ರಾಯತೂರಿನಲ್ಲಿ ಅಚ್ಚಾಯಿತು. ೧೬೪೯ ಮತ್ತು ೧೬೫೪ರಲ್ಲಿ ಮತ್ತೆರಡು ಮುದ್ರಣಗಳಾದುವು. ಈ ಮೂರು ಮುದ್ರಣಗಳ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕಾವ್ಯ ಉಳಿದದ್ದು ಕೈಬರಹದ ಪ್ರತಿಗಳಲ್ಲಿ. ಕೊಂಕಣಿ ಮಿಶ್ರಿತ ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ ರಚಿತವಾದ ಇದರಲ್ಲಿ ಹನ್ನೊಂದು ಸಾವಿರದ ಸಮೀಪ ಪದ್ಯಗಳಿವೆ. ‘ಪೈಲೆಂ ಪುರಾಣ’ವು ೩೬ ಸಂಧಿಗಳಲ್ಲಿ ಸೃಷ್ಟಿಯಿಂದ ಪ್ರವಾದಿಗಳವರೆಗಿನ ಕಥೆಯನ್ನೂ ‘ದುಸ್ರೆಂ ಪುರಾಣ’ವು ೫೯ ಸಂಧಿಗಳಲ್ಲಿ ಕ್ರಿಸ್ತನ ಚರಿತ್ರೆಯನ್ನೂ ನಿರೂಪಿಸುತ್ತವೆ.

ಈ ಕೃತಿಗೆ ಕನ್ನಡ ನಾಡಿನೊಡನೆ ಇರುವ ನಂಟು ಆಕಸ್ಮಿಕವಲ್ಲ. ಗೋವೆಯಿಂದ ಕೆನರಾ ಕರಾವಳಿಗೆ ವಲಸೆ ಬಂದ ಕ್ರೈಸ್ತ ಕುಟುಂಬಗಳು ಈ ಕಾವ್ಯವನ್ನು ತಮ್ಮೊಡನೆ ತಂದುವು. ಹಸ್ತಪ್ರತಿಗಳ ಆಧಾರದಿಂದ ಇದನ್ನು ಮೊದಲಿಗೆ ಸಂಪಾದಿಸಿ ಆಧುನಿಕ ಓದುಗರಿಗೆ ಒದಗಿಸಿದವರು ಜೋಸೆಫ್ ಎಲ್. ಸಲ್ಡಾನ್ಹಾ; ಆ ಆವೃತ್ತಿ ೧೯೦೭ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಸ್ಟೀಫನ್ಸರು ರಚಿಸಿ, ಅವರ ಮರಣಾನಂತರ ೧೬೪೦ರಲ್ಲಿ ಪ್ರಕಟವಾದ ಕೊಂಕಣಿ ವ್ಯಾಕರಣದ ಶೀರ್ಷಿಕೆಯಲ್ಲಿ ಆ ಭಾಷೆಯ ಹೆಸರು ‘ಕಾನಾರಿಂ’ ಎಂದಿದೆ ಎಂಬುದನ್ನೂ ಇಲ್ಲಿ ನೆನೆಯಬಹುದು. ಕನ್ನಡದ ಹೆಸರನ್ನೇ ಹೋಲುವ ಈ ಪದವನ್ನು ಪೋರ್ಚುಗೀಸರು ಕೊಂಕಣಿಗೆ ಬಳಸುತ್ತಿದ್ದರು.

೩

ಕಾವ್ಯದ ಆರಂಭ ಗಮನಾರ್ಹವಾಗಿದೆ. ಸಾಷ್ಟಿಯ ಇಗರ್ಜಿಯೊಂದರಲ್ಲಿ ಭಾನುವಾರದ ಧರ್ಮೋಪದೇಶ ನಡೆದಿರುವಾಗ, ಹೊಸದಾಗಿ ಕ್ರೈಸ್ತನಾದ ಬ್ರಾಹ್ಮಣನೊಬ್ಬನು ಪಾದ್ರಿಯ ಮುಂದೆ ಒಂದು ಬೇಡಿಕೆಯನ್ನಿಡುತ್ತಾನೆ. ಹಿಂದೆ ತಾವು ಕೇಳುತ್ತಿದ್ದ ಪುರಾಣಗಳು ಈಗ ನಿಷಿದ್ಧವಾಗಿವೆ. ಅವುಗಳ ಸ್ಥಾನದಲ್ಲಿ ತಮಗೆ ಬೇರೊಂದು ಪುರಾಣ ಬೇಕು ಎಂಬುದು ಅವನ ಮಾತಿನ ಸಾರ. ಇಡೀ ಕಾವ್ಯ ಈ ಬೇಡಿಕೆಗೆ ಉತ್ತರವಾಗಿ ಹುಟ್ಟುತ್ತದೆ. ಮುಂದೆಯೂ ಕೇಳುಗರು ನಡುನಡುವೆ ತಡೆದು ಸಂದೇಹಗಳನ್ನೆತ್ತುತ್ತಾರೆ. ‘ಪಾದ್ರಿ ಗುರು’ ಕಥೆಯನ್ನು ನಿಲ್ಲಿಸಿ ಉತ್ತರಿಸಿ ಮುಂದುವರಿಯುತ್ತಾನೆ.

ಕನ್ನಡ ಓದುಗರಿಗೆ ಈ ವಿನ್ಯಾಸ ಅಪರಿಚಿತವಲ್ಲ. ಜೈನಪುರಾಣಗಳಲ್ಲಿ ಶ್ರೇಣಿಕ ಮಹಾರಾಜನು ಕೇಳುತ್ತಾನೆ, ಗೌತಮ ಗಣಧರರು ಹೇಳುತ್ತಾರೆ. ಭಾರತದ ಕಥೆಗೆ ಜನಮೇಜಯನ ಕುತೂಹಲವೇ ಕಾರಣ. ಕೇಳುವವನಿಲ್ಲದೆ ಪುರಾಣವಿಲ್ಲ ಎಂಬುದು ನಮ್ಮ ಕಥನಪರಂಪರೆಯ ಮೂಲ ಒಪ್ಪಂದ. ಸ್ಟೀಫನ್ಸರು ಪುರಾಣವೆಂಬ ಹೆಸರನ್ನೂ ಓವಿಯ ಲಯವನ್ನೂ ಮಾತ್ರವಲ್ಲದೆ ಈ ಒಪ್ಪಂದವನ್ನೂ ಸ್ವೀಕರಿಸಿದ್ದಾರೆ. ಜ್ಞಾನೇಶ್ವರ, ಏಕನಾಥರ ಮೂಲಕ ಮರಾಠಿ ಜನರ ಕಿವಿಯಲ್ಲಿ ನೆಲೆಸಿದ್ದ ಓವಿಯನ್ನು ಆಯ್ದುಕೊಳ್ಳುವುದೆಂದರೆ, ಕೇಳುಗನು ಈಗಾಗಲೇ ಬಲ್ಲ ನಡಿಗೆಗೆ ತನ್ನ ಹೆಜ್ಜೆಯನ್ನು ಹೊಂದಿಸಿಕೊಳ್ಳುವುದೇ ಆಗಿದೆ.

ಕಾವ್ಯದ ತಾಳ್ಮೆಗೆ ಎರಡು ನೆಲೆಗಳಿವೆ. ಒಂದು ಜೀವನಚರಿತ್ರೆಯದು: ಗೋವೆಗೆ ಬಂದಿಳಿದ ೩೭ ವರ್ಷಗಳ ಅನಂತರ ಈ ಕೃತಿ ಅಚ್ಚಾಯಿತು. ೧೫೮೩ರಲ್ಲಿ ಸಹೋದರನಿಗೆ ಬರೆದ ಪತ್ರದಲ್ಲಿ ಇಲ್ಲಿಯ ಭಾಷೆಗಳ ರಚನೆ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳದನ್ನು ಹೋಲುತ್ತದೆಂದು ಗುರುತಿಸಿದ ಸ್ಟೀಫನ್ಸರು ಭಾಷೆಯನ್ನು ಕೇವಲ ಸಾಧನವಾಗಿ ಕಂಡವರಲ್ಲ. ದೇಶೀ ಲಿಪಿಯ ಅಚ್ಚುಮೊಳೆಗಳನ್ನು ಒದಗಿಸಬೇಕೆಂದು ೧೬೦೮ರಲ್ಲಿ ಸಭೆಯ ಮಹಾಧ್ಯಕ್ಷರಿಗೆ ಮನವಿ ಮಾಡಿಕೊಂಡರು. ಅದು ಕೈಗೂಡಲಿಲ್ಲ, ಕಾವ್ಯ ರೋಮನ್ ಲಿಪಿಯಲ್ಲೇ ಹೊರಬಂತು. ಇನ್ನೊಂದು ನೆಲೆ ಕಥನದ್ದು. ಕ್ರಿಸ್ತನ ಜನನಕ್ಕೆ ಮುನ್ನ ೩೬ ಸಂಧಿಗಳ ಪೂರ್ವಕಥೆ ಇದೆ. ಇದು ಬೈಬಲ್ಲಿನ ಅನುಕ್ರಮದ ಅನುಸರಣೆ ಮಾತ್ರವಲ್ಲ. ರಕ್ಷಕನ ಹೆಸರನ್ನು ಹೇಳುವ ಮೊದಲು ರಕ್ಷಣೆ ಏಕೆ ಬೇಕೆಂಬ ಪ್ರಶ್ನೆ ಕೇಳುಗನ ಮನಸ್ಸಿನಲ್ಲಿ ಮೂಡಬೇಕು ಎಂಬ ಕಥನತರ್ಕ ಇದರ ಹಿಂದಿದೆ. ಸಂತೆಯಲ್ಲಿ ನಿಂತು ಸಾರುವ ಬೋಧಕನಿಗೆ ಈ ವ್ಯವಧಾನ ಇರಲಾರದು. ಪುರಾಣ ಹೇಳುವವನಿಗೆ ಇರಲೇಬೇಕು.

೪

ವಿವೇಚನೆಯ ಪ್ರಶ್ನೆ ಮುಖ್ಯವಾಗಿ ಪದಗಳ ಆಯ್ಕೆಯಲ್ಲಿ ಎದುರಾಗುತ್ತದೆ. ಶುದ್ಧ ಮರಾಠಿ ಸ್ಥಳೀಯರೆಲ್ಲರಿಗೆ ತಿಳಿಯದೆಂದು ಸುಲಭವಾದ ಕೊಂಕಣಿ ಪದಗಳನ್ನು ಬೆರೆಸಿರುವುದಾಗಿ ಸ್ಟೀಫನ್ಸರೇ ಗದ್ಯಪೀಠಿಕೆಯಲ್ಲಿ ತಿಳಿಸಿದ್ದಾರೆ. ದೇವರಿಗೆ ‘ಪರಮೇಶ್ವರ’, ಸ್ವರ್ಗಕ್ಕೆ ‘ವೈಕುಂಠ’, ವಿಮೋಚನೆಗೆ ‘ಮುಕ್ತಿ’ ಎಂಬ ಪದಗಳನ್ನು ಅವರು ಅಳುಕಿಲ್ಲದೆ ಬಳಸುತ್ತಾರೆ. ಆದರೆ ಪವಿತ್ರಾತ್ಮ, ಸ್ನಾನದೀಕ್ಷೆ ಮೊದಲಾದ ಪರಿಕಲ್ಪನೆಗಳ ಬಳಿಗೆ ಬಂದಾಗ ಲ್ಯಾಟಿನ್ ಅಥವಾ ಪೋರ್ಚುಗೀಸ್ ಮೂಲದ ಪದಗಳನ್ನೇ ಉಳಿಸಿಕೊಳ್ಳುತ್ತಾರೆ. ಹಂಚಿಕೊಳ್ಳಬಹುದಾದ ಅರ್ಥಕ್ಕೆ ಇಲ್ಲಿಯ ಪದ, ಹಂಚಿಕೊಂಡರೆ ಕಲಸಿಹೋಗಬಹುದೆಂಬ ಭಯವಿರುವ ಅರ್ಥಕ್ಕೆ ಅಲ್ಲಿಯ ಪದ ಎಂಬ ಗೆರೆಯನ್ನು ಅವರು ಎಳೆದುಕೊಂಡಂತಿದೆ.

ಈ ಗೆರೆ ಎಷ್ಟು ದೃಢ? ‘ವೈಕುಂಠ’ ಪದವನ್ನು ತಂದರೂ ಅದರ ಒಡೆಯನಾದ ವಿಷ್ಣುವನ್ನು ಕಾವ್ಯ ಹೊರಗಿಡುತ್ತದೆ. ಆದರೆ ಪದವೊಂದು ಮನೆಯಂತೆ. ಒಡೆಯನನ್ನು ಬಿಡಿಸಿದ ಮಾತ್ರಕ್ಕೆ ಗೋಡೆಗಳ ನೆನಪು ಅಳಿಯುವುದಿಲ್ಲ. ಹರಿಕಥೆ ಕೇಳಿ ಬೆಳೆದ ಕಿವಿಗೆ ಆ ಪದ ತಾನಾಗಿ ಹಳೆಯ ಸಂಬಂಧಗಳನ್ನು ಕರೆತರುತ್ತದೆ. ಇದನ್ನು ಕೃತಿಕಾರನ ತಂತ್ರವೆಂದು ಕರೆಯುವವರಿದ್ದಾರೆ. ತಂತ್ರವೇ ಆಗಿದ್ದರೂ ಅದರ ಪರಿಣಾಮ ಒಂದೇ ದಿಕ್ಕಿನದಲ್ಲ: ಕೇಳುಗನ ಲೋಕಕ್ಕೆ ಕ್ರಿಸ್ತನು ಬಂದಂತೆ, ಕ್ರಿಸ್ತನ ಕಥೆಗೂ ಕೇಳುಗನ ಲೋಕ ಬಂದು ಸೇರಿತು. ಲಂಡನ್ನಿನಲ್ಲಿರುವ ಮಾರ್ಸ್‌ಡನ್ ಸಂಗ್ರಹದ ದೇವನಾಗರಿ ಪ್ರತಿಯಲ್ಲಿ ಪೋರ್ಚುಗೀಸ್ ಪದಗಳ ಸ್ಥಾನವನ್ನು ಸಂಸ್ಕೃತಜನ್ಯ ಪದಗಳು ಪಡೆದಿರುವುದು ಈ ದೃಷ್ಟಿಯಿಂದ ಮಹತ್ವದ್ದು. ಯಾವ ಪಾಠ ಮೊದಲಿನದೆಂಬ ಚರ್ಚೆ ಏನೇ ಇರಲಿ, ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ವಿಷಯದಲ್ಲಿ ಕಾವ್ಯದ ಬಳಕೆದಾರರಲ್ಲೇ ಒಮ್ಮತವಿರಲಿಲ್ಲ ಎಂಬುದಂತೂ ಸ್ಪಷ್ಟ.

ಕನ್ನಡ ಕ್ರೈಸ್ತ ಪರಿಭಾಷೆಯೂ ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿಕೊಂಡಿದೆ. ಕನ್ನಡ ಬೈಬಲ್ ‘ವೈಕುಂಠ’ದ ಬದಲು ‘ಪರಲೋಕ’ವನ್ನು ಆರಿಸಿಕೊಂಡಿತು; ಆದರೆ ‘ದೀಕ್ಷಾಸ್ನಾನ’ ಎಂಬಲ್ಲಿ ವೀರಶೈವ, ಜೈನ ಪರಂಪರೆಗಳೆರಡರಲ್ಲೂ ಆಳವಾಗಿ ಬೇರೂರಿದ ‘ದೀಕ್ಷೆ’ಯನ್ನು ಸಂಕೋಚವಿಲ್ಲದೆ ಒಳಗೆ ಕರೆದುಕೊಂಡಿತು. ಸ್ಟೀಫನ್ಸರು ಹಿಂಜರಿದ ಕಡೆ ಕನ್ನಡ ಮುಂದುವರಿದಿದೆ, ಅವರು ಮುಂದುವರಿದ ಕಡೆ ಕನ್ನಡ ಹಿಂಜರಿದಿದೆ. ವಿವೇಚನೆಗೆ ಎಲ್ಲ ಕಾಲಕ್ಕೂ ಸಲ್ಲುವ ಸೂತ್ರವಿಲ್ಲವೆಂಬುದಕ್ಕೆ ಇದು ನಿದರ್ಶನ.

೫

ಕರುಣೆಯ ವಿಚಾರಕ್ಕೆ ಬಂದಾಗ ವಿಮರ್ಶೆ ಹೆಚ್ಚು ಕಠಿಣವಾಗಬೇಕಾಗುತ್ತದೆ. ಬ್ರಾಹ್ಮಣ ಕೇಳುಗನ ಬೇಡಿಕೆಯನ್ನು ಮತ್ತೊಮ್ಮೆ ನೋಡೋಣ. ಅವನದು ಬರಿಯ ಜಿಜ್ಞಾಸೆಯಲ್ಲ. ಅದೊಂದು ನಷ್ಟದ ನಿವೇದನೆ. ಅವನ ಪುರಾಣಗಳು ತಾವಾಗಿ ಮರೆಯಾಗಲಿಲ್ಲ. ಸಾಷ್ಟಿಯ ದೇವಾಲಯಗಳು ೧೫೬೭ರಲ್ಲಿ ಪೋರ್ಚುಗೀಸ್ ಆಡಳಿತದ ಕೈಯಲ್ಲಿ ನಾಶವಾದುವು. ಧರ್ಮವಿಚಾರಣೆಯ ನ್ಯಾಯಾಲಯ ೧೫೬೦ರಿಂದಲೇ ಗೋವೆಯಲ್ಲಿತ್ತು. ೧೫೮೩ರ ಜುಲೈಯಲ್ಲಿ ಕುಂಕಳ್ಳಿಯ ಗ್ರಾಮಸ್ಥರು ರುಡಾಲ್ಫ್ ಅಕ್ವವೀವ ಸೇರಿದಂತೆ ಐವರು ಯೇಸುಸಭೆಯವರನ್ನು ಕೊಂದರು. ಅವರ ದೇಹಗಳನ್ನು ಪಡೆದು ಅಂತ್ಯಕ್ರಿಯೆಗೆ ಏರ್ಪಾಡು ಮಾಡಿದವರು ಸ್ಟೀಫನ್ಸರು. ಇದಕ್ಕೆ ಪ್ರತೀಕಾರವಾಗಿ ಆಡಳಿತವು ಊರಿನ ಗಾಂವ್ಕರರನ್ನು ಮಾತುಕತೆಗೆಂದು ಅಸೋಳ್ಣದ ಕೋಟೆಗೆ ಕರೆಸಿ ಕೊಲ್ಲಿಸಿತು.

ಸಹೋದ್ಯೋಗಿಗಳ ಹತ್ಯೆಯ ಬಳಿಕವೂ ಸ್ಟೀಫನ್ಸರು ಅದೇ ಪ್ರದೇಶದಲ್ಲಿ ಉಳಿದು, ಅದೇ ಜನರ ನುಡಿಯಲ್ಲಿ ದೀರ್ಘ ಕಾವ್ಯವನ್ನು ಕಟ್ಟಿದುದರಲ್ಲಿ ಒಂದು ಬಗೆಯ ಕರುಣೆಯಿದೆ. ಕೇಳುಗನ ನಷ್ಟವನ್ನು ಮುಚ್ಚಿಡದೆ ಕಾವ್ಯದ ಬಾಗಿಲಲ್ಲೇ ಅದಕ್ಕೆ ಮಾತು ಕೊಟ್ಟಿರುವುದು ಅದರ ಇನ್ನೊಂದು ಮುಖ. ಆದರೆ ನಷ್ಟಕ್ಕೆ ಕಾರಣವಾದ ವ್ಯವಸ್ಥೆಯ ಭಾಗವಾಗಿ ನಿಂತೇ ಅವರು ಆ ನಷ್ಟವನ್ನು ತುಂಬಲು ಹೊರಟಿದ್ದಾರೆ. ಕಾವ್ಯದೊಳಗೆ ವಿಗ್ರಹಾರಾಧನೆಯ ಖಂಡನೆಯೂ ಇದೆ. ಅಲ್ಲಿ ಹೇಳುವವನ ಸೌಮ್ಯತೆ ಸಡಿಲಗೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದ ಮಿತಿಯೆಂದರೆ, ಕೇಳುಗನಿಗೆ ಪ್ರಶ್ನಿಸುವ ಸ್ವಾತಂತ್ರ್ಯವಿದೆ, ಎದ್ದುಹೋಗುವ ಸ್ವಾತಂತ್ರ್ಯವಿಲ್ಲ. ಪ್ರಶ್ನೆ ಎಷ್ಟೇ ತೀಕ್ಷ್ಣವಾಗಿದ್ದರೂ ಸಮ್ಮತಿಯೇ ಅದರ ಗತಿ. ಅವರ ಸಮಕಾಲೀನರಾದ ರಾಬರ್ಟೊ ಡಿ ನೊಬಿಲಿ ೧೬೦೬ರಿಂದ ಮದುರೆಯಲ್ಲಿ ನಡೆಸಿದ ಸಂವಾದದೊಡನೆ ಇದನ್ನು ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ. ಮದುರೆ ಪೋರ್ಚುಗೀಸ್ ಆಡಳಿತಕ್ಕೆ ಒಳಪಟ್ಟಿರಲಿಲ್ಲ; ಅಲ್ಲಿಯ ಕೇಳುಗನು ಒಪ್ಪದೆ ಮನೆಗೆ ಹೋಗಬಹುದಿತ್ತು. ಹೇಳುವವನ ತಾಳ್ಮೆ ನಿಜವಾಗಿ ಪರೀಕ್ಷೆಗೊಳಗಾಗುವುದು ಅಂಥ ಕೇಳುಗನ ಮುಂದೆ.

೬

ಕೃತಿಯ ಮುಂದಿನ ಚರಿತ್ರೆ ಈ ವಿರೋಧಾಭಾಸಕ್ಕೆ ಅನಿರೀಕ್ಷಿತ ತಿರುವನ್ನು ಕೊಟ್ಟಿತು. ಕಾವ್ಯ ಪ್ರಕಟವಾಗಿ ೬೮ ವರ್ಷಗಳಾದ ಮೇಲೆ, ೧೬೮೪ರಲ್ಲಿ, ಪೋರ್ಚುಗೀಸ್ ಆಡಳಿತವು ಸ್ಥಳೀಯ ಭಾಷೆಯ ಬಳಕೆಯ ವಿರುದ್ಧವೇ ಆಜ್ಞೆ ಹೊರಡಿಸಿತು. ಕಾವ್ಯದ ಬೆನ್ನಿಗಿದ್ದ ಅಧಿಕಾರವೇ ಅದರ ಭಾಷೆಗೆ ಎರವಾಯಿತು. ಇತ್ತ ಕೆನರಾದಲ್ಲಿ ನೆಲೆಸಿದ ಕ್ರೈಸ್ತರು ಅನ್ಯ ಅರಸರ ಆಳ್ವಿಕೆಯಲ್ಲಿ ಬಾಳುವ ಅಲ್ಪಸಂಖ್ಯಾತರಾಗಿದ್ದರು. ಟಿಪ್ಪುವಿನ ಕಾಲದಲ್ಲಿ, ೧೭೮೪ರಿಂದ ೧೭೯೯ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದಾಗ ಈ ಪುರಾಣದ ಪದ್ಯಗಳು ತಮ್ಮವರಿಗೆ ಆಸರೆಯಾಗಿದ್ದುವೆಂದು ಸಮುದಾಯದ ನೆನಪು ಹೇಳುತ್ತದೆ. ಅಲ್ಲಿ ಈ ಕಾವ್ಯ ಯಾರನ್ನೂ ಒಪ್ಪಿಸಲು ಹೊರಟ ವಾದವಾಗಿರಲಿಲ್ಲ; ಸಂಕಟದಲ್ಲಿದ್ದವರು ಒಬ್ಬರಿಗೊಬ್ಬರು ಹೇಳಿಕೊಂಡ ಕಥೆಯಾಗಿತ್ತು. ಅಧಿಕಾರದ ನೆರಳಿನಲ್ಲಿ ಅರ್ಧವಾಗಿ ಉಳಿದಿದ್ದ ಅದರ ಕರುಣೆ, ಆ ನೆರಳಿನಿಂದ ಹೊರಬಂದಾಗ ಪೂರ್ಣವಾಯಿತು ಎನ್ನಬಹುದು.

ಇದರ ಬೆಳಕಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕನ್ನಡ ಸಂದರ್ಭವನ್ನೂ ಮರುಪರಿಶೀಲಿಸಬೇಕಾಗಿದೆ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಸಾಹಿತ್ಯಿಕ ಕಾರ್ಯದಲ್ಲಿ ಫರ್ಡಿನೆಂಡ್ ಕಿಟೆಲರ ‘ಕಥಾಮಾಲೆ’ (೧೮೬೨) ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಪದ್ಯಸಂಪ್ರದಾಯಕ್ಕೆ ಅಳವಡಿಸಿದ ಪ್ರಯತ್ನ. ಉದ್ದೇಶದಲ್ಲಿ ಇದು ‘ಕ್ರಿಸ್ತಪುರಾಣ’ದ ದೂರದ ಬಂಧು. ಆದರೆ ಕನ್ನಡಿಗರು ಕಿಟೆಲರನ್ನು ನೆನೆಯುವುದು ೧೮೯೪ರ ನಿಘಂಟಿಗಾಗಿ. ಕಾವ್ಯ ವ್ಯಾಕರಣಗಳಿಂದಲೂ ಗಾದೆ ಆಡುನುಡಿಗಳಿಂದಲೂ ಪದಗಳನ್ನು ಆಯ್ದು ಪೋಣಿಸಿದ ಆ ಗ್ರಂಥದಲ್ಲಿ ಹೇಳಲು ಬಂದವರು ಕೇಳುವವರ ಸ್ಥಾನಕ್ಕೆ ಬಂದು ಕುಳಿತಿದ್ದಾರೆ. ಸ್ಟೀಫನ್ಸರ ವ್ಯಾಕರಣಕ್ಕೂ ಅವರ ಪುರಾಣಕ್ಕೂ ಇರುವ ಸಂಬಂಧವನ್ನು ಕಿಟೆಲರ ನಿಘಂಟಿಗೂ ‘ಕಥಾಮಾಲೆ’ಗೂ ಇರುವ ಸಂಬಂಧದ ಪಕ್ಕದಲ್ಲಿಟ್ಟು ಅಭ್ಯಸಿಸಿದರೆ, ಭಾಷಾಸೇವೆಯನ್ನು ನಂಬಿಕೆಯಿಂದ ಬೇರ್ಪಡಿಸುವ ನಮ್ಮ ರೂಢಿ ಎಷ್ಟು ಅಸಮರ್ಪಕವೆಂಬುದು ತಿಳಿಯುತ್ತದೆ. ಇಬ್ಬರಲ್ಲಿಯೂ ಭಾಷೆಯ ಕಲಿಕೆ ಉಪದೇಶದ ಪೂರ್ವಸಿದ್ಧತೆಯಾಗಿ ಆರಂಭವಾಗಿ, ಕೊನೆಗೆ ಉಪದೇಶಕ್ಕಿಂತ ಹೆಚ್ಚು ಕಾಲ ಬಾಳುವ ಗೌರವದ ರೂಪವನ್ನು ಪಡೆಯಿತು.

ಒಟ್ಟಿನಲ್ಲಿ ‘ಕ್ರಿಸ್ತಪುರಾಣ’ವು ನಂಬಿಕೆಯ ಹಂಚಿಕೆಗೆ ಮಾದರಿಯೂ ಹೌದು, ಎಚ್ಚರಿಕೆಯೂ ಹೌದು. ಕೇಳುಗನ ಛಂದಸ್ಸಿನಲ್ಲಿ ನುಡಿಯುವುದು, ಅವನ ಪ್ರಶ್ನೆಗೆ ಕಥೆಯನ್ನೇ ನಿಲ್ಲಿಸುವುದು, ಪ್ರತಿಯೊಂದು ಪದವನ್ನೂ ತೂಗಿ ಬಳಸುವುದು ಇವು ಅದರ ಸಾಧನೆಗಳು. ಒಪ್ಪದಿರುವ ಹಕ್ಕು ಕೇಳುಗನಿಗೆ ಇಲ್ಲದ ಕಡೆ ಈ ಸಾಧನೆಗಳೆಲ್ಲವೂ ಕುಂಠಿತವಾಗುತ್ತವೆ ಎಂಬುದು ಅದರ ಪಾಠ. ಮಂಗಳೂರಿನ ೧೯೦೭ರ ಆವೃತ್ತಿ, ೧೯೫೬ ಮತ್ತು ೨೦೦೯ರ ದೇವನಾಗರಿ ಆವೃತ್ತಿಗಳನ್ನು ಎದುರಿಗಿಟ್ಟುಕೊಂಡು, ಕರಾವಳಿಯ ಕ್ರೈಸ್ತರ ವಾಚನಪರಂಪರೆಯನ್ನೂ ಗಣನೆಗೆ ತೆಗೆದುಕೊಂಡು, ಕನ್ನಡದ ಪುರಾಣಕಥನದ ನೆಲೆಯಿಂದ ಈ ಕಾವ್ಯದ ಸಮಗ್ರ ಅಧ್ಯಯನ ನಡೆಯಬೇಕಾಗಿದೆ. ಅದರಲ್ಲಿ ಮೊದಲು ಪಟ್ಟಿಯಾಗಬೇಕಾದುದು ಪಾದ್ರಿ ಗುರುವಿನ ಉತ್ತರಗಳಲ್ಲ, ಕೇಳುಗರ ಪ್ರಶ್ನೆಗಳು.