ಕರ್ತೃವಿಲ್ಲದ ಪ್ರಬಂಧ

ಪ್ರಬಂಧವೆಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಒಂದು, ವಾಚಕರು ಇಂಥ ಪುಟಗಳಲ್ಲಿ ಬಯಸಿ ಓದುವಂಥದು. ಇನ್ನೊಂದು, ಪದವಿಗಾಗಿ ಬರೆದು, ಪರೀಕ್ಷಕರು ಓದಿದ ಬಳಿಕ ಗ್ರಂಥಾಲಯದ ಬೀರು ಸೇರುವಂಥದು. ಎರಡನೆಯದನ್ನು ಯಾರೂ ವಿಮರ್ಶಿಸುವುದಿಲ್ಲ. ಅದೂ ಗದ್ಯವೇ ಆದ್ದರಿಂದ ವಿಮರ್ಶಿಸಬೇಕೆಂಬುದು ನನ್ನ ಮತ.

ಈಚೆಗೆ ಅಂಥದೊಂದು ಹಸ್ತಪ್ರತಿ ಭಾಷೆ ತಿದ್ದುವುದಕ್ಕೆಂದು ನನ್ನ ಬಳಿಗೆ ಬಂದಿತು. ಬರೆದವನು ಕೊಪ್ಪಳ ಜಿಲ್ಲೆಯ ನವಲಿಯ ಕಡೆಯ ತರುಣ, ರಾಜ್ಯಶಾಸ್ತ್ರದ ಎಂ.ಎ. ವಿದ್ಯಾರ್ಥಿ. ವಿಷಯ, ತುಂಗಭದ್ರೆಯ ನೀರಿನ ಕಾನೂನು ಮತ್ತು ನವಲಿಯ ಜಲಾಶಯ. ಆಯ್ಕೆ ಮೆಚ್ಚತಕ್ಕದ್ದೇ. 1953ರಲ್ಲಿ 133 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಆ ನಷ್ಟ ತುಂಬಿಕೊಳ್ಳಲು ನವಲಿಯ ಬಳಿ ಇನ್ನೊಂದು ಜಲಾಶಯ ಕಟ್ಟುವ ಪ್ರಸ್ತಾಪವನ್ನು ಕರ್ನಾಟಕ ಸರ್ಕಾರ ಮಾಡಿದೆ. ಕಟ್ಟಿದರೆ ಎಡದಂಡೆ ಕಾಲುವೆಯ ಕೊನೆಯ ಹೊಲಗಳಿಗೆ ನೀರಿನ ಆಸೆ; ನವಲಿಯ ಸುತ್ತಣ ಹೊಲಗಳಿಗೆ ಮುಳುಗಡೆಯ ಭಯ.

ಹುಡುಗ ಕಷ್ಟಪಟ್ಟು ಓದಿದ್ದಾನೆ, ಅಡಿಟಿಪ್ಪಣಿಗಳು ಅಚ್ಚುಕಟ್ಟು. ಆದರೆ ಮೂರನೆಯ ಅಧ್ಯಾಯದ ಈ ವಾಕ್ಯ ನೋಡಿ: “ನವಲಿಯ ಬಳಿ ಜಲಾಶಯ ನಿರ್ಮಿಸಲು ಉದ್ದೇಶಿಸಲಾಗಿದ್ದು, ಸಂಬಂಧಿಸಿದವರೊಡನೆ ಚರ್ಚಿಸಲಾಗುತ್ತಿದೆ, ಅಗತ್ಯ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಾಗುವುದು.” ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಉದ್ದೇಶಿಸಿದವರು ಯಾರು? ಚರ್ಚೆ ಯಾರೊಡನೆ? ಭೂಮಿ ಯಾರದು? ಇಷ್ಟು ಉದ್ದದ ವಾಕ್ಯದಲ್ಲಿ ಕರ್ತೃವೇ ಇಲ್ಲ.

ಕೇಳಿದರೆ, “ಹಂಗ ಬರದ್ರನ ಶಾಸ್ತ್ರೀಯ ಅಂತಾರ್ರೀ ಸರ್” ಎಂದ. ತಪ್ಪು ಅವನದಲ್ಲ, ಕಲಿಸಿದ ನಮ್ಮದು.

ಮಳೆ ಅಳೆದ ಲೆಕ್ಕದಲ್ಲಿ ‘ಅಳೆಯಲಾಗಿದೆ’ ಎಂದರೆ ಬಾಧೆಯಿಲ್ಲ. ಯಾರು ಅಳೆದರೂ ಮಳೆ ಅಷ್ಟೇ. ರಾಜ್ಯಶಾಸ್ತ್ರದಲ್ಲಿ ಹಾಗಲ್ಲ. ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ಆ ಶಾಸ್ತ್ರದ ಮೊದಲ ಪ್ರಶ್ನೆ. ಕರ್ತೃವನ್ನು ಬಿಟ್ಟರೆ ಪ್ರಶ್ನೆಯನ್ನೇ ಬಿಟ್ಟಂತೆ. ಹಳೆಯ ದಾನಶಾಸನಗಳನ್ನು ನೆನೆಯಿರಿ: ಕೊಟ್ಟವನಾರು, ಪಡೆದವನಾರು, ಹೊಲದ ಎಲ್ಲೆ ಯಾವುದು, ಸಾಕ್ಷಿ ಯಾರು ಎಂಬುದನ್ನು ಕಲ್ಲಿನ ಮೇಲೆ ಕೆತ್ತುತ್ತಿದ್ದರು. ಕಾನೂನಿನ ಕನ್ನಡಕ್ಕೆ ಅದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ನಾನು ಕಾಣೆ.

ಇಬ್ಬರೂ ಕೂತು ಆ ವಾಕ್ಯಕ್ಕೆ ಕರ್ತೃಗಳನ್ನು ತುಂಬಿದೆವು. ಪ್ರಸ್ತಾಪ ಕರ್ನಾಟಕದ್ದು. ಆದರೆ ತುಂಗಭದ್ರಾ ಜಲಾಶಯ ಕರ್ನಾಟಕವೊಂದರದಲ್ಲ. 1953ರ ಆಂಧ್ರ ರಾಜ್ಯ ಕಾಯ್ದೆಯ 66ನೆಯ ಪ್ರಕರಣದಿಂದ ಹುಟ್ಟಿದ ಮಂಡಳಿಯೊಂದು ನಡುವೆ ಇದೆ. ಆಂಧ್ರ, ತೆಲಂಗಾಣಗಳೊಡನೆ ಮಾತಾಡದೆ ಹೆಜ್ಜೆಯಿಡುವಂತಿಲ್ಲ. ಇನ್ನು ಭೂಮಿ. 2013ರ ಭೂಸ್ವಾಧೀನ ಕಾಯ್ದೆ, ನೆಲ ಕಳೆದುಕೊಳ್ಳುವವರ ಮೇಲಾಗುವ ಸಾಮಾಜಿಕ ಪರಿಣಾಮವನ್ನು ಅಧ್ಯಯನ ಮಾಡಬೇಕು, ಸಾರ್ವಜನಿಕವಾಗಿ ಅವರ ಮಾತು ಕೇಳಬೇಕು ಎನ್ನುತ್ತದೆ. ಆದರೆ ಬೇರೆ ಕಾನೂನಿನಂತೆ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾಗಿರುವ ನೀರಾವರಿ ಯೋಜನೆಗಳಿಗೆ ಆ ನಿಯಮ ಅನ್ವಯಿಸದೆಂದೂ ಅದೇ ಕಾಯ್ದೆ ಹೇಳುತ್ತದೆ. ಪರಿಸರದ ವಿಚಾರಣೆಯಲ್ಲಿ ಜನ ಮಾತಾಡಬಹುದು, ನಿಜ. ಆದರೆ ಹೊಲ ಹೋದ ಮೇಲಿನ ಬದುಕಿನ ಮಾತನ್ನು ಅಲ್ಲಿ ಎಷ್ಟರ ಮಟ್ಟಿಗೆ ಕೇಳುತ್ತಾರೆ? ಇದು ಸಂಶೋಧನೆಗೆ ತಕ್ಕ ಪ್ರಶ್ನೆ. ‘ಸ್ವಾಧೀನಪಡಿಸಿಕೊಳ್ಳಲಾಗುವುದು’ ಎಂಬ ಒಂದು ಮಾತಿನ ಕೆಳಗೆ ಅದು ಹುದುಗಿ ಹೋಗಿತ್ತು.

ಮೊದಲ ಕರಡಿನ ಉಪಸಂಹಾರ, ಯೋಜನೆಯಿಂದ ಎಲ್ಲರಿಗೂ ಒಳಿತಾಗುವುದೆಂದು ಅರ್ಧ ಪುಟದಲ್ಲಿ ಮುಗಿದಿತ್ತು. ಕಳೆದ ವಾರ ಹುಡುಗ ಮತ್ತೆ ಬಂದ. ಅಧ್ಯಾಯ ಹತ್ತು ಪುಟ ಬೆಳೆದಿದೆ. ಉಪಸಂಹಾರ ಮಾತ್ರ ಬರೆಯಲಾಗುತ್ತಿಲ್ಲವೆಂದು ಪೇಚಾಡಿದ. ಕಾಲುವೆಯ ಕೊನೆಯ ರೈತನೂ ಅವನಿಗೆ ಬೇಕು, ನವಲಿಯ ರೈತನೂ ಬೇಕು. ಅವಸರ ಬೇಡವೆಂದೆ. ಅವನ ಪ್ರಬಂಧ ಈಗಷ್ಟೇ ಆರಂಭವಾಗಿದೆ.