ಮಿತಾಕ್ಷರೆಯಲ್ಲಿ ಸ್ತ್ರೀಧನವಿಚಾರ

ಧರ್ಮಶಾಸ್ತ್ರದ ವ್ಯಾಖ್ಯಾನವೊಂದನ್ನು ಸಾಹಿತ್ಯಪತ್ರಿಕೆಯಲ್ಲಿ ವಿಮರ್ಶಿಸುವುದೇಕೆಂದು ವಾಚಕರು ಕೇಳಬಹುದು. ಶಬ್ದಾರ್ಥವನ್ನು ನಿರ್ಣಯಿಸುವುದು ವಿಮರ್ಶೆಯ ಮೊದಲನೆಯ ಕಾರ್ಯವಷ್ಟೆ. ಗಂಡನ ಮನೆಯನ್ನು ಬಿಟ್ಟು ಹೊರಡುವ ಹೆಂಗಸಿಗೆ ಏನು ಉಳಿಯುವುದೆಂಬುದು ಒಂದು ಶಬ್ದದ ಅರ್ಥವನ್ನೇ ಅವಲಂಬಿಸಿರುವಾಗ, ಆ ವಿಚಾರವು ವಕೀಲರಿಗೆ ಮಾತ್ರ ಸೇರಿದ್ದೆಂದು ಸುಮ್ಮನಿರುವುದು ಸರಿಯಲ್ಲ. ಮೇಲಾಗಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ನಾಡಿನವನು. ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದ ಕಲ್ಯಾಣದಲ್ಲಿ, ಎಂದರೆ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಇದ್ದವನು.

ಈಗಿನ ಅರ್ಥದ ವಿವಾಹವಿಚ್ಛೇದನಕ್ಕೆ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಎಡೆಯಿಲ್ಲ. ಆದರೆ ಗಂಡನು ಹೆಂಡತಿಯನ್ನು ತ್ಯಜಿಸುವ ಅಥವಾ ಅವಳಿರುವಾಗಲೇ ಇನ್ನೊಬ್ಬಳನ್ನು ತರುವ ಸಂದರ್ಭಗಳಲ್ಲಿ ಧನದ ಲೆಕ್ಕವನ್ನು ಅದು ಬಿಟ್ಟಿಲ್ಲ. ತಂದೆ, ತಾಯಿ, ಪತಿ, ಸೋದರರು ಕೊಟ್ಟದ್ದು, ವಿವಾಹಾಗ್ನಿಯ ಸನ್ನಿಧಿಯಲ್ಲಿ ಬಂದದ್ದು, ಸವತಿಯನ್ನು ತರುವಾಗ ಮೊದಲ ಹೆಂಡತಿಗೆ ಕೊಡುವ ‘ಆಧಿವೇದನಿಕ’ವೆಂಬ ದ್ರವ್ಯ, ಇವನ್ನು ಸ್ತ್ರೀಧನವೆಂದು ಎಣಿಸಿ, ಕೊನೆಗೆ ‘ಆದ್ಯ’ ಎಂಬ ಒಂದು ಶಬ್ದವನ್ನು ಸೇರಿಸಿರುವುದು. ‘ಮೊದಲಾದದ್ದು’ ಎಂದು ಇದರ ಅರ್ಥ. ಈ ಚಿಕ್ಕ ಶಬ್ದದ ಬಲದಿಂದ ವಿಜ್ಞಾನೇಶ್ವರನು ದಾಯದಿಂದ, ಕ್ರಯದಿಂದ, ವಿಭಾಗದಿಂದ, ಪರಿಗ್ರಹದಿಂದ, ನಿಧಿಲಾಭದಿಂದ ಸ್ತ್ರೀಗೆ ಬಂದುದೆಲ್ಲವೂ ಸ್ತ್ರೀಧನವೇ ಎಂದನು. ಸ್ತ್ರೀಧನವೆಂಬುದು ಪಾರಿಭಾಷಿಕ ಶಬ್ದವಲ್ಲ, ಯೌಗಿಕ ಶಬ್ದ. ಎಂದರೆ ಸ್ತ್ರೀಯ ಧನವೆಲ್ಲ ಸ್ತ್ರೀಧನ.

ಹಾಗಾದರೆ ಒಂದೊಂದಾಗಿ ಎಣಿಸಿದ್ದೇಕೆಂಬ ಆಕ್ಷೇಪವು ಸಹಜವಾದುದೇ. ಮನುವು ಹೇಳಿದ ಆರರ ಸಂಖ್ಯೆಯು ಅದಕ್ಕಿಂತ ಕಡಿಮೆಯಿಲ್ಲವೆಂಬುದಕ್ಕೆ ಹೊರತು ಹೆಚ್ಚಿಲ್ಲವೆಂಬುದಕ್ಕಲ್ಲವೆಂದು ಅವನು ಉತ್ತರ ಕೊಡುವನು. ವಂಗದೇಶದ ಜೀಮೂತವಾಹನನಾದರೋ ಪತಿಯ ಅಧೀನವಿಲ್ಲದೆ ಸ್ತ್ರೀಯು ದಾನ, ವಿಕ್ರಯ, ಭೋಗಗಳನ್ನು ಮಾಡಬಲ್ಲುದು ಮಾತ್ರ ಸ್ತ್ರೀಧನವೆಂದನು. ಇಬ್ಬರಲ್ಲಿ ನಮ್ಮವನ ಅರ್ಥವೇ ಶಬ್ದಕ್ಕೆ ಹತ್ತಿರವಾದುದೆಂದು ನಮ್ಮ ಮತ.

‘ಅರ್ಧ’ ಶಬ್ದದ ವಿಷಯದಲ್ಲಿಯೂ ಅವನ ಕ್ರಮವು ಹೀಗೆಯೇ. ಸವತಿಯ ಮದುವೆಗೆ ಆದ ವೆಚ್ಚದಷ್ಟನ್ನು ಮೊದಲ ಹೆಂಡತಿಗೆ ಕೊಡಬೇಕು; ಅವಳಿಗೆ ಮೊದಲೇ ಸ್ತ್ರೀಧನವನ್ನು ಕೊಟ್ಟಿದ್ದರೆ ಅರ್ಧವನ್ನು ಕೊಡಬೇಕೆಂದು ಮೂಲ. ಇಲ್ಲಿ ಅರ್ಧವೆಂದರೆ ಸರಿಪಾಲಲ್ಲ, ಹಿಂದೆ ಕೊಟ್ಟುದರೊಡನೆ ಕೂಡಿ ಪೂರ್ಣವಾಗುವಷ್ಟು ಎಂದು ಅವನ ವ್ಯಾಖ್ಯಾನ.

ಆದರೆ ದೋಷವನ್ನೂ ಹೇಳಬೇಕು. ತ್ಯಜಿಸಲ್ಪಟ್ಟ ಹೆಂಡತಿಗೆ ಗಂಡನ ಧನದ ಮೂರನೆಯ ಒಂದು ಭಾಗವನ್ನು ಕೊಡಿಸಬೇಕೆಂದು ಸ್ಮೃತಿ ವಿಧಿಸಿದೆ. ಆದರೆ ಅವಳು ಆಜ್ಞಾಧಾರಕಳೂ ದಕ್ಷಳೂ ಪುತ್ರವತಿಯೂ ಪ್ರಿಯಭಾಷಿಣಿಯೂ ಆಗಿರಬೇಕು. ‘ಆದ್ಯ’ವನ್ನು ಹಿಗ್ಗಿಸಿದ ವಿಜ್ಞಾನೇಶ್ವರನು ಈ ವಿಶೇಷಣಗಳನ್ನು ಹಾಗೆಯೇ ಉಳಿಸಿರುವನು. ದುರ್ಭಿಕ್ಷ, ಧರ್ಮಕಾರ್ಯ, ವ್ಯಾಧಿ, ಬಂಧನ ಈ ನಾಲ್ಕರಲ್ಲಿ ಗಂಡನು ತೆಗೆದುಕೊಂಡ ಸ್ತ್ರೀಧನವನ್ನು ಹಿಂದಿರುಗಿಸಬೇಕಾಗಿಲ್ಲ. ಇತರ ಬಂಧುಗಳು ಅದನ್ನು ಮುಟ್ಟಕೂಡದೆಂದು ಅವನು ತಡೆದಿರುವುದು ಸ್ತುತ್ಯವೇ. ಆದರೂ ಸಂಕಟವು ನಿಜವಾಗಿ ಇತ್ತೇ ಎಂಬುದಕ್ಕೆ ಲೆಕ್ಕ ಕೇಳುವವರು ಯಾರು?

ಮುಂದೆ ಆ ವಿಶಾಲಾರ್ಥವು ಸಂಕೋಚಗೊಂಡಿತು. ಗಂಡನಿಂದ ವಿಧವೆಗೆ ದಾಯವಾಗಿ ಬಂದ ಸೊತ್ತು ಸ್ತ್ರೀಧನವಲ್ಲವೆಂದು ಪ್ರಿವಿ ಕೌನ್ಸಿಲು 1867ರಲ್ಲಿ ತೀರ್ಮಾನಿಸಿತು. 1956ರ ಹಿಂದೂ ಉತ್ತರಾಧಿಕಾರದ ಕಾಯಿದೆಯ 14ನೆಯ ಕಲಮು ದಾಯ, ವಿಭಾಗ, ಕ್ರಯ, ದಾನ, ಸ್ವಾರ್ಜನೆಗಳಿಂದ ಬಂದುದಕ್ಕೆ ಸ್ತ್ರೀಯೇ ಪೂರ್ಣ ಒಡತಿಯೆಂದಿತು. ಅದನ್ನು ಓದುವವರಿಗೆ ಕಲ್ಯಾಣದ ಪಂಡಿತನ ಪಟ್ಟಿಯೇ ನೆನಪಾಗುವುದು. ಸ್ತ್ರೀಧನವು ಗಂಡನ ಮನೆಯಲ್ಲಿದ್ದ ಮಾತ್ರಕ್ಕೆ ಜಂಟಿ ಸೊತ್ತಾಗದು, ಹಿಂದಿರುಗಿಸದಿದ್ದರೆ ನಂಬಿಕೆದ್ರೋಹವಾಗುವುದು ಎಂದು ಸುಪ್ರೀಂ ಕೋರ್ಟು 1985ರಲ್ಲಿ, ಪ್ರತಿಭಾ ರಾಣಿಯವರ ಮೊಕದ್ದಮೆಯಲ್ಲಿ, ಹೇಳಿತು.

ಇಷ್ಟಾದರೂ ಒಂದು ಕೊರತೆ ಉಳಿದಿದೆ. ದಂಪತಿಗಳು ಕೂಡಿ ಬಾಳಿದ ಕಾಲದಲ್ಲಿ ಗಂಡನ ಹೆಸರಿನಲ್ಲಿ ಬೆಳೆದ ಮನೆ, ಹೊಲ, ಠೇವಣಿಗಳಲ್ಲಿ ಅಡಿಗೆಯಿಂದ ಆರೈಕೆಯವರೆಗೆ ದುಡಿದವಳ ಪಾಲೆಷ್ಟು? 1955ರ ಹಿಂದೂ ವಿವಾಹದ ಕಾಯಿದೆಯು ಜೀವನಾಂಶವನ್ನು ಕೊಡಿಸುವುದು; ಹಂಚಿಕೆಯ ಮಾತನ್ನು ಮದುವೆಯ ಸಮಯದಲ್ಲಿ ಬಂದ, ಇಬ್ಬರಿಗೂ ಸೇರಬಹುದಾದ ಉಡುಗೊರೆಗಳಿಗೆ ಮಾತ್ರ ನಿಲ್ಲಿಸಿದೆ. ನೆರೆಯ ಗೋವೆಯಲ್ಲಿ ಉಳಿದುಬಂದಿರುವ 1867ರ ಪೋರ್ಚುಗೀಸ್ ಸಂಹಿತೆಯಂತೆ, ಮದುವೆಗೆ ಮೊದಲು ಬೇರೆ ಕರಾರಿಲ್ಲದಿದ್ದರೆ ದಂಪತಿಗಳ ಸೊತ್ತು ಸಮವಾದುದು. ಜೀವನಾಂಶದ ವ್ಯಾಜ್ಯಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಸಾಲ, ವರಮಾನಗಳನ್ನು ಪ್ರಮಾಣಪತ್ರದಲ್ಲಿ ತೋರಿಸಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ವಿಧಿಸಿದ್ದರಿಂದ ಮುಚ್ಚಿಟ್ಟ ಲೆಕ್ಕವು ಸ್ವಲ್ಪ ಬಯಲಾಗುವುದು. ಆದರೆ ಲೆಕ್ಕ ತೋರಿಸುವುದು ಬೇರೆ, ಪಾಲು ಕೊಡುವುದು ಬೇರೆ.

ಸ್ತ್ರೀಯ ಧನವೆಲ್ಲ ಸ್ತ್ರೀಧನವೆಂದು ವಿಜ್ಞಾನೇಶ್ವರನು ಹೇಳಿದನು. ಸ್ತ್ರೀಯ ದುಡಿಮೆಯಿಂದ ಉಳಿದುದು ಯಾರ ಧನವೆಂಬ ಪ್ರಶ್ನೆಯನ್ನು ಅವನು ಎತ್ತಲಿಲ್ಲ. ಅದಕ್ಕೆ ಉತ್ತರ ಕೊಡುವವರು ಅವನಂತೆಯೇ ಶಬ್ದವನ್ನು ಉದಾರವಾಗಿ ಓದಬಲ್ಲವರಾಗಲಿ. ಸ್ತ್ರೀಧನಪ್ರಕರಣವನ್ನು ನಮ್ಮ ವಾಚಕರು ಮೂಲದಲ್ಲಿಯೇ ಪರಾಂಬರಿಸಬೇಕೆಂದು ಕೋರುತ್ತೇವೆ.